ಯಾರ ನೆಲದಲ್ಲಿ ನೆಟ್ಟಿದ್ದೇವೆ?

ದೀಪಾವಳಿಯ ಬೋನಸ್ಸು ಕೈಸೇರಿದ ಮೇಲೆ ಇಚಲಕರಂಜಿಯ ಮಗ್ಗದ ಕಾರ್ಮಿಕರೊಬ್ಬರು ನನ್ನನ್ನು ಕೇಳಿದರು: “ಅಣ್ಣಾರ, ಹತ್ತ ಸಾವಿರ ರೂಪಾಯಿ ಉಳದಾವ. ದಿನಾ ನೋಡ್ಕೋತ ಕೂಡಾಕ ನನಗ ಪುರುಸೊತ್ತಿಲ್ಲ. ಒಮ್ಮೆ ಇಟ್ಟು ಹದಿನೈದು ವರ್ಷ ಮರೀಬೇಕು. ಎಲ್ಲಿ ಇಡ್ಲಿ?”

ಪ್ರಶ್ನೆ ನ್ಯಾಯವಾದುದು. ಪಾಳಿಯ ದುಡಿಮೆ ಮುಗಿಸಿ ಬಂದವನು ಪೇಟೆಯ ಏರಿಳಿತಗಳನ್ನು ಗಮನಿಸುತ್ತ ಕುಳಿತುಕೊಳ್ಳಲಾರ. ಆದರೆ ‘ಮರೆಯಬೇಕು’ ಎಂಬ ಮಾತು ಕೇಳಿದೊಡನೆ ನನಗೆ ನಮ್ಮ ಮನೆಯದೇ ಒಂದು ಸಂಗತಿ ನೆನಪಾಯಿತು. ಹಿರಿಯರೊಬ್ಬರು ಕಬ್ಬಿನ ಬಿಲ್ಲಿನ ಹಣವನ್ನು ಊರ ಸಮೀಪದ ಪತಸಂಸ್ಥೆಯೊಂದರಲ್ಲಿ ಇಟ್ಟಿದ್ದರು. ಬಡ್ಡಿ ತುಸು ಹೆಚ್ಚು, ನಡೆಸುವವರು ಪರಿಚಿತರು. ಪ್ರಶ್ನಿಸಿದರೆ ಅವಿಶ್ವಾಸ ತೋರಿದಂತಾದೀತೆಂಬ ಸಂಕೋಚ ಬೇರೆ. ಒಂದು ದಿನ ಆ ಸಂಸ್ಥೆಯ ಬಾಗಿಲು ಮುಚ್ಚಿತು. ಮಗಳ ಮದುವೆಗೆಂದು ಇಟ್ಟ ಹಣದ ಪಾವತಿ ಇಂದಿಗೂ ಟ್ರಂಕಿನಲ್ಲಿದೆ, ಹಣವಿಲ್ಲ. ಬದುವಿನ ಮೇಲೆ ನೆಟ್ಟ ಹುಣಸೆಗೆ ದಿನವೂ ನೀರು ಬೇಡ, ನಿಜ. ಆದರೆ ಬದು ಯಾರದೆಂಬುದನ್ನು ನೆಡುವ ಮುನ್ನವೇ ಕೇಳಬೇಕು. ಆರೈಕೆ ಬೇಡದ ಹೂಡಿಕೆಯಲ್ಲಿ ನಾವು ಮಾಡಬೇಕಾದ ದೊಡ್ಡ ಕೆಲಸ ಇದೊಂದೇ.

ಕೇಳಬೇಕಾದ ಪ್ರಶ್ನೆಗಳು ಮೂರು. ಈ ಹಣಕ್ಕೆ ಹೊಣೆ ಯಾರು? ನಡುವೆ ಬೇಕಾದರೆ ಎಷ್ಟು ಸಿಗುತ್ತದೆ? ವರ್ಷಕ್ಕೆ ಇದರ ಖರ್ಚೆಷ್ಟು? ಬ್ಯಾಂಕಿನ ಠೇವಣಿಗೆ, ಅದು ಸಹಕಾರಿ ಬ್ಯಾಂಕೇ ಆಗಿದ್ದರೂ, 2020ರ ಫೆಬ್ರುವರಿ 4ರಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆಯಿದೆ. ಪತಸಂಸ್ಥೆಗೆ ಈ ವಿಮೆ ಅನ್ವಯಿಸುವುದಿಲ್ಲ. ಓಣಿಯ ಭಿಶಿಗೂ ಇಲ್ಲ. ಫಲಕಗಳೆರಡೂ ಒಂದೇ ಬಗೆಯಾಗಿ ಕಂಡರೂ ಒಳಗಿನ ಅಂತರ ಇಷ್ಟು ದೊಡ್ಡದು.

ಹೂಡುವ ಮುನ್ನ ಇನ್ನೆರಡು ಕೆಲಸಗಳಿವೆ. ಕೈಸಾಲ ಅಥವಾ ಬಂಗಾರದ ಮೇಲಿನ ಸಾಲವಿದ್ದರೆ ಮೊದಲು ಅದನ್ನು ತೀರಿಸಬೇಕು. ಅದರ ಬಡ್ಡಿಯನ್ನು ಮೀರಿಸುವ ನಿಶ್ಚಿತ ಆದಾಯ ಸಿಗುವುದು ಕಷ್ಟ. ಬಳಿಕ ಆರು ತಿಂಗಳ ಮನೆಖರ್ಚನ್ನು ಬ್ಯಾಂಕಿನಲ್ಲಿ ಕೈಗೆಟಕುವಂತೆ ಇಟ್ಟುಕೊಳ್ಳಬೇಕು. ಮಗ್ಗ ನಿಂತರೂ ಕಾಯಿಲೆ ಬಂದರೂ ನೆಟ್ಟ ಗಿಡವನ್ನು ಆಗ ಕೀಳಬೇಕಾಗುವುದಿಲ್ಲ.

ಮುಂದಿನದು ಆದಾಯದ ಸ್ವಭಾವವನ್ನು ಅನುಸರಿಸಿದ್ದು. ಇಚಲಕರಂಜಿಯಲ್ಲಿ ಕೂಲಿ ವಾರಕ್ಕೊಮ್ಮೆ ಬರುತ್ತದೆ. ಇಂಥವರಿಗೆ ಅಂಚೆ ಕಚೇರಿಯ ಸಾರ್ವಜನಿಕ ಭವಿಷ್ಯ ನಿಧಿ, ಜನರ ಬಾಯಲ್ಲಿ ಪಿಪಿಎಫ್, ಒಪ್ಪುತ್ತದೆ. 1968ರಿಂದ ಇರುವ ಈ ಯೋಜನೆಗೆ ಕೇಂದ್ರ ಸರಕಾರವೇ ಹೊಣೆ. ವರ್ಷಕ್ಕೆ ಕನಿಷ್ಠ 500 ರೂಪಾಯಿ, ಗರಿಷ್ಠ 1.5 ಲಕ್ಷ, ಅವಧಿ 15 ವರ್ಷ. 2020ರ ಏಪ್ರಿಲ್‌ನಲ್ಲಿ ಶೇ. 7.1ಕ್ಕೆ ಇಳಿದ ಬಡ್ಡಿದರ ಈಚಿನ ವರ್ಷಗಳಲ್ಲಿ ಅಲ್ಲಿಯೇ ನಿಂತಿದೆ. ಇದೇ ದರ ಮುಂದುವರಿದರೆ, ತಿಂಗಳ 5ನೆಯ ತಾರೀಖಿನೊಳಗೆ ಸಾವಿರದಂತೆ ತುಂಬಿದ 1.80 ಲಕ್ಷವು ಅವಧಿಯ ಕೊನೆಗೆ ಸುಮಾರು 3.15 ಲಕ್ಷವಾಗುತ್ತದೆ. ಬಡ್ಡಿಗೆ ತೆರಿಗೆಯಿಲ್ಲ. ಏಳನೆಯ ಆರ್ಥಿಕ ವರ್ಷದಿಂದ ಒಂದು ಭಾಗವನ್ನು ತೆಗೆಯಲೂ ಬಹುದು.

ಗಡಹಿಂಗ್ಲಜದ ಕಬ್ಬು ಬೆಳೆಗಾರನಿಗೆ ಹಣ ಒಮ್ಮೆಲೇ ಬರುತ್ತದೆ. ಕಾರ್ಖಾನೆಯ ಹಂಗಾಮು ಮುಗಿಯುವ ಹೊತ್ತಿಗೆ ಏಪ್ರಿಲ್ ಬಂದಿರುತ್ತದೆ. ಅದರ 5ನೆಯ ತಾರೀಖಿನೊಳಗೆ ವರ್ಷದ ಕಂತನ್ನು ಒಟ್ಟಾಗಿ ಪಿಪಿಎಫ್‌ಗೆ ಕಟ್ಟಿದರೆ ಹನ್ನೆರಡೂ ತಿಂಗಳ ಬಡ್ಡಿ ದೊರೆಯುತ್ತದೆ. ಮನೆಯಲ್ಲಿ 10 ವರ್ಷದೊಳಗಿನ ಹೆಣ್ಣುಮಗುವಿದ್ದರೆ 2015ರಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ ಖಾತೆಯೂ ಉಂಟು: 15 ವರ್ಷ ತುಂಬಬೇಕು, 21 ವರ್ಷಕ್ಕೆ ಪಕ್ವವಾಗುತ್ತದೆ.

ಕೊಲ್ಹಾಪುರದಲ್ಲಿ ತಿಂಗಳ ಸಂಬಳ ಪಡೆಯುವ ತರುಣರು ಇನ್ನೊಂದು ಹೆಜ್ಜೆ ಇಡಬಹುದು. ನಿಫ್ಟಿ ಸೂಚ್ಯಂಕದ ಐವತ್ತು ಕಂಪನಿಗಳಲ್ಲಿ ಅವುಗಳ ಪ್ರಮಾಣಕ್ಕನುಗುಣವಾಗಿ ಹಣ ಹಂಚುವ ಇಂಡೆಕ್ಸ್ ಫಂಡಿನಲ್ಲಿ ಪ್ರತಿ ತಿಂಗಳು ನಿಗದಿತ ಮೊತ್ತ ತೊಡಗಿಸುವುದು. ಯಾವ ಶೇರು ಕೊಳ್ಳಬೇಕೆಂಬ ಚಿಂತೆ ಇಲ್ಲಿಲ್ಲ, ಖರ್ಚೂ ಕಡಿಮೆ. ಖರ್ಚನ್ನು ಅಲ್ಪವೆಂದು ಎಣಿಸಬಾರದು. ಒಂದು ಲಕ್ಷ ರೂಪಾಯಿ ಶೇ. 11ರಂತೆ ಬೆಳೆದರೆ 20 ವರ್ಷಕ್ಕೆ ಸುಮಾರು 8.06 ಲಕ್ಷ, ಶೇ. 1 ಖರ್ಚಿಗೆ ಹೋಗಿ ಶೇ. 10ರಂತೆ ಬೆಳೆದರೆ 6.73 ಲಕ್ಷ. ಇದು ಲೆಕ್ಕ ಮಾತ್ರ, ಭರವಸೆಯಲ್ಲ. ಇಲ್ಲಿ ಸರಕಾರದ ಹೊಣೆಯಿಲ್ಲ. 2020ರ ಜನವರಿಯಲ್ಲಿ 12,000ಕ್ಕೂ ಮೇಲಿದ್ದ ನಿಫ್ಟಿ ಮಾರ್ಚ್‌ನಲ್ಲಿ 8,000ಕ್ಕಿಂತ ಕೆಳಗಿಳಿಯಿತು. ನವೆಂಬರ್‌ನಲ್ಲಿ 13,000 ದಾಟಿತು. ಅಂಜಿ ಮಾರ್ಚ್‌ನಲ್ಲಿ ಮಾರಿದವರು ಕಳೆದುಕೊಂಡರು, ಸುಮ್ಮನಿದ್ದವರು ಉಳಿದರು. ಏಳೆಂಟು ವರ್ಷ ಮುಟ್ಟಬೇಕಾಗದ ಹಣವನ್ನಷ್ಟೇ ಇಲ್ಲಿ ಹಾಕಬೇಕೆಂಬುದು ಇದರಿಂದಲೇ. ಏರಿಕೆಯೂ ಎಲ್ಲ ಸಲ ಇಷ್ಟು ಬೇಗ ಬರಲಾರದು.

ಎಲ್ಲಿಯೇ ಹೂಡಿದರೂ ನಾಮನಿರ್ದೇಶನ ಮಾಡಿರಿ, ಮನೆಯವರಿಗೆ ತಿಳಿಸಿರಿ. ಹತ್ತು ವರ್ಷ ಯಾರೂ ಕೇಳದ ಬ್ಯಾಂಕ್ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ವಾರಸುದಾರರು ಅದನ್ನು ಮರಳಿ ಪಡೆಯಬಹುದು. ಆದರೆ ಹಣವಿದೆಯೆಂಬುದು ಅವರಿಗೆ ಗೊತ್ತಿರಬೇಕಲ್ಲ! ನಮ್ಮ ಭಾಗದಲ್ಲಿ ಅರ್ಜಿಗಳು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತವೆ. ಓದಲು ಬಾರದಿದ್ದರೆ ಓದಿಸಿ ಕೇಳಿ, ಆಮೇಲೆ ಸಹಿ ಮಾಡಿರಿ. ಅದರಲ್ಲಿ ಸಂಕೋಚವೇನೂ ಬೇಡ.

ಆ ಕಾರ್ಮಿಕರಿಗೆ ನಾನು ಹೇಳಿದ್ದು ಇಷ್ಟು: “ಹದಿನೈದು ವರ್ಷ ಮರೀಬ್ಯಾಡ್ರಿ. ವರ್ಷದಾಗ ಒಂದ ದಿನ ನೆನಸ್ರಿ.” ಆ ದಿನ ಯುಗಾದಿಯ ಪಾಡ್ಯವೇ ಆಗಲಿ. ಬೇವುಬೆಲ್ಲ ಹಂಚಿದ ಮೇಲೆ ಪಾಸ್‌ಬುಕ್ಕುಗಳನ್ನು ಹೊರತೆಗೆದು, ಹೆಂಡತಿ ಮಕ್ಕಳನ್ನು ಕೂಡಿಸಿಕೊಂಡು ಒಂದು ತಾಸು ನೋಡಿದರೆ ಸಾಕು. ಉಳಿದ ದಿನಗಳಲ್ಲಿ ಮಗ್ಗ ನಡೆಯಲಿ, ಗಿಡ ತಾನೇ ಬೆಳೆಯಲಿ.