ಗ್ಲಾಸಿಗಿಂತ ಮೊದಲು ತೋಟ

ಬೆಂಗಳೂರಿನ ಐಟಿ ಮಂದಿಗೆ ನಂದಿ ಬೆಟ್ಟದ ಕಡೆ ಎರಡೇ ಕೆಲಸ. ಒಂದು, ಬೆಳಗಿನ ಜಾವ ಎದ್ದು ಸೂರ್ಯೋದಯ ನೋಡೋಕೆ ಓಡೋದು. ಇನ್ನೊಂದು, ಬೆಟ್ಟದ ಸುತ್ತಮುತ್ತಲಿನ ವೈನರಿಗೆ ಹೋಗಿ ಗ್ಲಾಸ್ ಹಿಡಿದು ಫೋಟೊ ತೆಗೆಸಿಕೊಳ್ಳೋದು. ಮೊದಲನೆಯದರ ಬಗ್ಗೆ ಎಲ್ಲರೂ ಬರೆದಾಗಿದೆ. ಈ ಸಲ ಎರಡನೆಯದರ ಬಗ್ಗೆ, ಅದರಲ್ಲೂ ಸಣ್ಣ ವೈನರಿಗಳ ಬಗ್ಗೆ ಹೇಳ್ತೀನಿ.

ಬುಟೀಕ್ ವೈನರಿ ಅಂದರೆ ಏನೋ ಭಾರಿ ಅನ್ನಿಸುತ್ತೆ. ವಿಷಯ ಸರಳ. ಸ್ವಂತ ತೋಟ, ಕೆಲವೇ ಟ್ಯಾಂಕು, ಕೆಲವೇ ಪೀಪಾಯಿ. ವರ್ಷಕ್ಕೆ ಇಷ್ಟೇ ಬಾಟಲಿ ಅಂತ ಲೆಕ್ಕ. ಗೇಟಿನಲ್ಲಿ ನಿಮ್ಮನ್ನು ಬನ್ನಿ ಅಂತ ಕರೆಯುವವರೇ ಎಷ್ಟೋ ಸಲ ಆ ವೈನ್ ಮಾಡಿದವರೂ ಆಗಿರ್ತಾರೆ.

ನಮ್ಮ ಕಡೆ ಇದಕ್ಕೆಲ್ಲ ದಾರಿ ಮಾಡಿದ್ದು ಗ್ರೋವರ್. 1988ರಲ್ಲಿ ಕನ್ವಲ್ ಗ್ರೋವರ್ ದೊಡ್ಡಬಳ್ಳಾಪುರದ ಹತ್ತಿರ ಫ್ರೆಂಚ್ ತಳಿಯ ದ್ರಾಕ್ಷಿ ಇಟ್ಟುಕೊಂಡು ಕಂಪನಿ ಶುರು ಮಾಡಿದರು. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂತು, ದ್ರಾಕ್ಷಾರಸ ಮಂಡಳಿ ಬಂತು. ಆಮೇಲೆ ಸಣ್ಣವರಿಗೂ ಧೈರ್ಯ ಬಂತು. ಇವತ್ತು ನಂದಿಯ ಸುತ್ತ ಎಸ್‌ಡಿಯು ಥರದವರಿದ್ದಾರೆ, ಹಂಪಿ ಬೆಟ್ಟಗಳ ಕಡೆ ಹೋದರೆ ಕೃಸ್ಮಾ ಇದೆ.

ಈ ವಿಷಯದಲ್ಲಿ ನನಗೊಂದು ಸ್ವಾರ್ಥವೂ ಇದೆ. ನಮ್ಮದು ಚಿಕ್ಕಬಳ್ಳಾಪುರ ಕಡೆಯ ಹಳ್ಳಿ. 2 ಎಕರೆ ದ್ರಾಕ್ಷಿ ತೋಟ, ಎಲ್ಲಾ ಬೆಂಗಳೂರು ಬ್ಲೂ. ಜಿಐ ಟ್ಯಾಗ್ ಸಿಕ್ಕಿರುವ ಅದೇ ಕಪ್ಪು ದ್ರಾಕ್ಷಿ. ಬಾಯಿಗೆ ಹಾಕಿದರೆ ಸಿಪ್ಪೆ ಒಂದು ಕಡೆ, ತಿರುಳು ಒಂದು ಕಡೆ ಜಾರುತ್ತಲ್ಲ, ಅದು. ಜ್ಯೂಸಿಗೂ ಹೋಗುತ್ತೆ, ಸಿಹಿಯಾದ ಪೋರ್ಟ್ ವೈನ್‌ಗೂ ಹೋಗುತ್ತೆ. ನನ್ನ ಇಂಜಿನಿಯರಿಂಗ್ ಫೀಸು ಬಂದಿದ್ದು ಅದರಿಂದಲೇ. ಆದರೆ 2020ರ ಲಾಕ್‌ಡೌನ್‌ನಲ್ಲಿ ಕೊಳ್ಳುವವರಿಲ್ಲದೆ ಹಣ್ಣು ಚಪ್ಪರದಲ್ಲೇ ಒಣಗಿತು. ಅವತ್ತಿನಿಂದ ಅಪ್ಪನ ತಲೆಯಲ್ಲಿ ಒಂದು ಹುಳ. "ಇದನ್ನ ಕಿತ್ತು ಆ ವೈನ್ ದ್ರಾಕ್ಷಿ ಹಾಕಿದ್ರೆ ಹೆಂಗೋ?"

ಗೂಗಲ್ ನೋಡಿ ಹೇಳುವಂಥ ಉತ್ತರ ಅಲ್ಲ ಇದು. 2 ಎಕರೆಯ ಪ್ರಶ್ನೆ. ಅದಕ್ಕೇ ಹೋದ ಫೆಬ್ರವರಿಯಲ್ಲಿ ಅಪ್ಪನನ್ನೇ ಒಂದು ಸಣ್ಣ ವೈನರಿಗೆ ಕರ್ಕೊಂಡು ಹೋದೆ. ಅಪ್ಪ ಜೀವನದಲ್ಲಿ ಒಂದು ಹನಿ ಮುಟ್ಟಿದವರಲ್ಲ. ಅಮ್ಮ ಅಂತೂ, "ಮಗ ಅಪ್ಪನ್ನ ಹೆಂಡದಂಗಡಿಗೆ ಕರ್ಕೊಂಡು ಹೋಗ್ತಾನಂತೆ, ಕೇಳಿದ್ರಾ" ಅಂತ ಪಕ್ಕದ ಮನೆಯವರಿಗೂ ಹೇಳಿ ಬಂದರು.

ಎಲ್ಲರೂ ಟೇಸ್ಟಿಂಗ್ ರೂಮಿನ ಕಡೆ ಹೋದರೆ ಅಪ್ಪ ನೆಟ್ಟಗೆ ತೋಟಕ್ಕೆ ಇಳಿದರು. ನಮ್ಮ ಹಾಗೆ ಕಲ್ಲುಕಂಬದ ಮೇಲೆ ಚಪ್ಪರ ಇಲ್ಲ ಅಲ್ಲಿ. ತಂತಿ ಎಳೆದು ಬೇಲಿ ಥರ ಸಾಲು ಸಾಲಾಗಿ ನಿಲ್ಲಿಸಿರ್ತಾರೆ. ಗೊಂಚಲು ಸೊಂಟದ ಎತ್ತರಕ್ಕೆ, ಚಿಕ್ಕ ಚಿಕ್ಕವು, ಕಾಳು ಇನ್ನೂ ಚಿಕ್ಕವು. ಅಪ್ಪನ ಕಣ್ಣು ಬಿದ್ದಿದ್ದು ನೆಲದ ಮೇಲೆ. ಅಲ್ಲಿ ಒಣಗಿದ ಗೊಂಚಲುಗಳು ಬಿದ್ದಿದ್ದವು.

"ಏನಮ್ಮಾ, ರೋಗ ಬಿದ್ದಿತ್ತಾ?"

ವೈನ್ ಮಾಡುವ ಹುಡುಗಿ ನಮ್ಮ ಜೊತೆಗೇ ಬಂದಿದ್ದರು. ಹೆಚ್ಚುಕಡಿಮೆ ನನ್ನದೇ ವಯಸ್ಸು. "ಇಲ್ಲ ಯಜಮಾನ್ರೇ, ನಾವೇ ಕಿತ್ತು ಹಾಕಿದ್ದು. ಗಿಡಕ್ಕೆ ಇಷ್ಟೇ ಗೊಂಚಲು ಅಂತ ಬಿಡ್ತೀವಿ. ಜಾಸ್ತಿ ಬಿಟ್ಟರೆ ರುಚಿ ತೆಳ್ಳಗಾಗುತ್ತೆ."

ಅಪ್ಪ ಒಂದು ನಿಮಿಷ ಮಾತೇ ಆಡಲಿಲ್ಲ. ಗಿಡಕ್ಕೆ ಎಷ್ಟು ಕೆಜಿ ಜಾಸ್ತಿ ತೆಗೀಬಹುದು ಅಂತ 35 ವರ್ಷ ತಲೆ ಕೆಡಿಸಿಕೊಂಡ ಮನುಷ್ಯ. ಇಲ್ಲಿ ನೋಡಿದ್ರೆ ಬಂದ ಬೆಳೆಯನ್ನೇ ಕಿತ್ತು ಮಣ್ಣಿಗೆ ಹಾಕ್ತಿದ್ದಾರೆ.

ಆಮೇಲೆ ಒಂದು ಕಾಳು ಬಾಯಿಗೆ ಹಾಕಿಕೊಂಡರು. ಸಿಪ್ಪೆ ಅಗಿದರು, ಬೀಜ ಕಟಕಟ ಕಡಿದರು. "ಸಿಹಿ ಬಂದೈತೆ. ಬೀಜ ಇನ್ನೂ ಹಸೀದು, ಒಗರು ಹಂಗೇ ಐತೆ. ಒಂದು ವಾರ ಬಿಡಬೇಕು."

ಆ ಹುಡುಗಿ ನಕ್ಕು, ಕಾಳೊಂದನ್ನು ಹಿಸುಕಿ ಬೀಜ ತೋರಿಸಿದರು. ಅದರ ತುದಿಯಲ್ಲಿ ಹಸಿರು ಉಳಿದಿತ್ತು. "ಸಕ್ಕರೆ ಅಳೆಯೋಕೆ ಮೀಟರ್ ಇದೆ ಯಜಮಾನ್ರೇ. ಬೀಜ ಮಾತ್ರ ನಾವೂ ಹೀಗೇ ಅಗಿದು ನೋಡೋದು."

ನನಗೆ ಅಲ್ಲಿ ಹೊಳೆದಿದ್ದು ಇಷ್ಟು. ಟೇಸ್ಟಿಂಗ್ ರೂಮಿನಲ್ಲಿ ನಾವು ಕಲಿಯೋದರಲ್ಲಿ ಅರ್ಧ ಪಾಲು ತೋಟದಲ್ಲೇ ಇದೆ. ಒಗರು ಬರೋದು ಸಿಪ್ಪೆ ಮತ್ತು ಬೀಜದಿಂದ. ಬಣ್ಣ ಬರೋದು ಸಿಪ್ಪೆಯಿಂದ. ಕೆಂಪು ವೈನಿನ ಹಣ್ಣಿನಲ್ಲೂ ಒಳಗಿನ ರಸ ಸಾಮಾನ್ಯವಾಗಿ ಬಿಳಿಯೇ. ಸಿಪ್ಪೆ ಜೊತೆ ದಿನಗಟ್ಟಲೆ ನೆನೆಸಿದರೆ ಕೆಂಪು, ಕೆಲವೇ ಗಂಟೆ ಇಟ್ಟು ತೆಗೆದರೆ ರೋಸೆ. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತೆ. ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಇದ್ದರೆ ಶೇ 1 ಆಲ್ಕೋಹಾಲ್. ಯಾವತ್ತು ಕಟಾವು ಮಾಡಬೇಕು ಅನ್ನೋ ಒಂದು ನಿರ್ಧಾರದಲ್ಲೇ ಅರ್ಧ ವೈನ್ ತಯಾರಾಗಿರುತ್ತೆ.

ಇನ್ನು ರುಚಿ ನೋಡೋ ಕ್ರಮ. ಬಿಳಿ ಮೊದಲು, ಆಮೇಲೆ ರೋಸೆ, ಕೊನೆಗೆ ಕೆಂಪು. ಗ್ಲಾಸನ್ನು ಕಡ್ಡಿ ಹಿಡಿದು ಎತ್ತಿ, ಬಟ್ಟಲು ಹಿಡಿದರೆ ಕೈಯ ಬಿಸಿ ವೈನಿಗೆ ತಾಗುತ್ತೆ. ಸ್ವಲ್ಪ ತಿರುಗಿಸಿ, ಮೂಗು ಒಳಗಿಟ್ಟು ವಾಸನೆ ನೋಡಿ. ಒಂದು ಗುಟುಕು ಬಾಯಲ್ಲಿ ಆಡಿಸಿ ಪಕ್ಕದ ಪಾತ್ರೆಗೆ ಉಗುಳಿ. ಉಗುಳೋದು ಅಸಭ್ಯ ಅಲ್ಲ, ಆ ಪಾತ್ರೆ ಇಟ್ಟಿರೋದೇ ಅದಕ್ಕೆ. ಐದಾರು ವೈನ್ ಪೂರ್ತಿ ನುಂಗಿದರೆ ಕೊನೆಯ ಎರಡರ ರುಚಿ ನಾಲಿಗೆಗೆ ಗೊತ್ತೇ ಆಗಲ್ಲ.

ಚೆರ್ರಿ, ಪ್ಲಮ್, ಬ್ಲ್ಯಾಕ್‌ಕರೆಂಟ್ ಅಂತ ಪಕ್ಕದವರು ಹೇಳ್ತಿದ್ದರೆ ಹೆದರಬೇಡಿ. ನಾವು ತಿಂದು ಬೆಳೆದಿದ್ದು ಬೇರೆ ಹಣ್ಣು. ನೇರಳೆ ಅನ್ನಿಸಿದರೆ ನೇರಳೆ ಅನ್ನಿ. ಸೋವಿನ್ಯಾನ್ ಬ್ಲಾಂಕ್ ಮೂಸಿ ನೋಡಿ, ಎಷ್ಟೋ ಸಲ ಸೀಬೆಕಾಯಿ, ದೊಣ್ಣೆ ಮೆಣಸಿನಕಾಯಿ ಸಿಗುತ್ತೆ. ಅಪ್ಪ ಕುಡಿಯಲಿಲ್ಲ, ಆದರೆ ಶಿರಾಜ್ ಗ್ಲಾಸ್ ಮೂಸಿ, "ಕಾಳುಮೆಣಸು ಹಾಕ್ತಾರಾ ಇದಕ್ಕೆ?" ಅಂದರು. ಹಾಕಲ್ಲ. ಆದರೆ ಮೂಗು ಸರಿಯಾಗೇ ಹೇಳಿತ್ತು. ಕಾಳುಮೆಣಸಿಗೆ ಆ ಘಮ ಕೊಡುವ ರೊಟುಂಡೋನ್ ಅನ್ನೋ ಅಂಶವೇ ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲೂ ಇರುತ್ತೆ.

ಕೊನೆಗೆ ಅಪ್ಪ ತಾವು ಬಂದಿದ್ದ ವಿಷಯಕ್ಕೆ ಬಂದರು. ಬಾಟಲಿಯ ರೇಟು ನೋಡಿ, "ಇದಕ್ಕೆ ಹಣ್ಣು ಎಷ್ಟು ಬೇಕಮ್ಮಾ?" ಅಂದರು. 750 ಎಂಎಲ್ ಬಾಟಲಿಗೆ 1 ಕೆಜಿಗಿಂತ ಸ್ವಲ್ಪ ಜಾಸ್ತಿ. ಅಪ್ಪನ ಮುಖ ಅರಳಿತು. ಕೆಜಿಗೆ ಇಷ್ಟು ದುಡ್ಡಾ!

ಅವರು ಪೀಪಾಯಿ ತೋರಿಸಿದರು. ಓಕ್ ಮರದ್ದು, 225 ಲೀಟರ್. ಅಂದರೆ 300 ಬಾಟಲಿ. ದುಬಾರಿ ಪೀಪಾಯಿ, ಒಳಗಿನ ವೈನ್ ತಿಂಗಳುಗಟ್ಟಲೆ ಹಾಗೇ ಕೂತಿರುತ್ತೆ, ಅಷ್ಟು ದಿನ ದುಡ್ಡೂ ಕೂತಿರುತ್ತೆ. ಮೇಲೆ ಲೈಸೆನ್ಸು, ತೆರಿಗೆ, ಬಾಟಲಿ, ಕಾರ್ಕು. ಅಪ್ಪನ ಲೆಕ್ಕ ಅಲ್ಲೇ ಕರಗಿತು.

ಆಮೇಲೆ ಅವರು ಹೇಳಿದ್ದು ಯಾವ ಬ್ರೋಷರಿನಲ್ಲೂ ಇರಲ್ಲ. "ಯಜಮಾನ್ರೇ, ಮೊದಲು ಕೊಳ್ಳುವವರನ್ನ ನೋಡಿ, ಆಮೇಲೆ ಸಸಿ ನೋಡಿ. ಗಿಡ ಇಟ್ಟು ಸರಿಯಾದ ಫಸಲು ಬರೋಕೆ ಮೂರು ವರ್ಷ. ಅಷ್ಟರಲ್ಲಿ ಅವರು ಬೇಡ ಅಂದರೆ ಏನು ಮಾಡ್ತೀರಾ? ಈ ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ಬೀಜ ಜಾಸ್ತಿ. ಮಂಡಿಗೆ ತಗೊಂಡು ಹೋದರೆ ಯಾರೂ ಕೇಳಲ್ಲ. ನಿಮ್ಮ ಬ್ಲೂ ಹಾಗಲ್ಲ. ಜ್ಯೂಸಿನವರು ಬಿಟ್ಟರೆ ಮಂಡಿ ಇದೆ, ಮಂಡಿ ಬಿಟ್ಟರೆ ರಸ್ತೆ ಬದಿ ಇದೆ. ವರ್ಷಕ್ಕೆ ಎರಡು ಬೆಳೆಯೂ ಬರುತ್ತೆ. ಕಾಗದದ ಮೇಲೆ ಒಪ್ಪಂದ ಇಲ್ಲದೆ ಒಂದು ಗಿಡವನ್ನೂ ಕೀಳಬೇಡಿ."

ಇವರಿಗೆ ಹಣ್ಣು ಮಾರುವ ರೈತರೊಬ್ಬರು ಸಿಗಬಹುದಿತ್ತು. ಅದನ್ನು ಬಿಟ್ಟು ನಿಜ ಹೇಳಿದರು. ಆವತ್ತು ನಾನು ಎರಡು ಬಾಟಲಿ ಕೊಂಡಿದ್ದಕ್ಕೆ ರುಚಿ ಎಷ್ಟು ಕಾರಣವೋ ಈ ಮಾತೂ ಅಷ್ಟೇ ಕಾರಣ.

ನಮ್ಮ ತೋಟದ ಬ್ಲೂ ಹಾಗೇ ಇದೆ. ಒಂದೇ ಬದಲಾವಣೆ. ಈ ಬೆಳೆಯಲ್ಲಿ ಅಪ್ಪ ಹತ್ತು ಗಿಡ ಗುರುತು ಮಾಡಿ, ಪ್ರತಿಯೊಂದರಲ್ಲೂ ಮೂರರಲ್ಲೊಂದು ಗೊಂಚಲು ಕಿತ್ತು ಹಾಕಿದ್ದಾರೆ. "ರುಚಿ ನೋಡಾನ ಅಂತ" ಅನ್ನೋದು ಅವರ ಉತ್ತರ. ಅಮ್ಮನಿಗೆ ಸಿಟ್ಟು ಇನ್ನೂ ಇಳಿದಿಲ್ಲ.

ನೀವು ಹೋಗೋದಾದರೆ ಜನವರಿಯಿಂದ ಮಾರ್ಚ್ ಒಳಗೆ ಹೋಗಿ, ಗಿಡದಲ್ಲಿ ಹಣ್ಣು ಇರುತ್ತೆ, ಕಟಾವೂ ನೋಡಬಹುದು. ಸಣ್ಣವರ ಹತ್ತಿರ ಜನ ಕಡಿಮೆ, ಮೊದಲೇ ಫೋನ್ ಮಾಡಿ ಟೈಮ್ ತಗೊಳ್ಳಿ. ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗಿ. ಜೋರು ಸೆಂಟ್ ಹಾಕಬೇಡಿ, ನಿಮಗೂ ಪಕ್ಕದವರಿಗೂ ವೈನಿನ ವಾಸನೆ ಸಿಗಲ್ಲ. ಕುಡಿಯದ ಒಬ್ಬರು ಸ್ಟೇರಿಂಗ್ ಹಿಡಿಯಲಿ, 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು. ನಮ್ಮ ಕಾರು ಅವತ್ತು ಓಡಿಸಿದ್ದು ಅಪ್ಪನೇ.

ಮನೆಯಲ್ಲಿ ತೋಟ ಕಂಡ ಹಿರಿಯರಿದ್ದರೆ ಅವರನ್ನೂ ಕರ್ಕೊಂಡು ಹೋಗಿ. ಅವರು ಕುಡಿಯದಿದ್ದರೂ ಪರವಾಗಿಲ್ಲ. ಫೋಟೊ ಆಮೇಲೆ ತೆಗೆಯೋಣ ಅಂತ ಮೊದಲು ಸಾಲುಗಳ ನಡುವೆ ಒಂದು ಸುತ್ತು ಹಾಕಿಸಿ. ಅವರು ಕೇಳುವ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ, ಮುಂದಿನ ವೈನರಿಯಲ್ಲಿ ನಿಮಗೇ ಬೇಕಾಗುತ್ತೆ.