ಹದಿನಾಲ್ಕು ವರ್ಷದ ಸೈನಿಕ: ತಪ್ಪು ಯಾರದು?



ದೂರದ ಬೆಟ್ಟ ನುಣ್ಣಗೆ ಅನ್ನುವ ಹಾಗೆ ಯುದ್ಧವೂ ದೂರದಿಂದ ಚಂದ. ಆಸ್ಟ್ರೇಲಿಯಾ ದೇಶದ ಜಿಮ್ ಮಾರ್ಟಿನ್ ಎಂಬ ಹುಡುಗನಿಗೂ ಹಾಗೇ ಕಂಡಿರಬೇಕು.

ಜಿಮ್ 1901ರ ಜನವರಿ 3ರಂದು ಟೊಕುಮ್ವಾಲ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ. ಶಾಲೆ ಬಿಟ್ಟ ಮೇಲೆ ಹೊಲದ ಕೆಲಸ ಮಾಡುತ್ತಿದ್ದ. ಆಗ ಮೊದಲನೇ ಮಹಾಯುದ್ಧ ನಡೆಯುತ್ತಿತ್ತು. ಅವನ ತಂದೆ ಸೈನ್ಯ ಸೇರಲು ಹೋದಾಗ ತೆಗೆದುಕೊಳ್ಳಲಿಲ್ಲ. ಹಾಗಾದರೆ ನಾನು ಹೋಗ್ತೀನಿ ಅಂದ ಜಿಮ್. ಮನೆಯವರು ಬೇಡ ಅಂದರು. ಬೇರೆ ಹೆಸರು ಕೊಟ್ಟು ಸೇರ್ತೀನಿ, ಕಾಗದಾನೂ ಬರೆಯೋದಿಲ್ಲ ಅಂತ ಹಠ ಹಿಡಿದ. ತಾಯಿ ಒಪ್ಪಲೇಬೇಕಾಯಿತು. 1915ರ ಏಪ್ರಿಲ್‌ನಲ್ಲಿ 18 ವರ್ಷ ಎಂದು ಬರೆಸಿ ಸೈನಿಕನಾದ. ನಿಜವಾಗಿ ಅವನಿಗೆ 14 ವರ್ಷ 3 ತಿಂಗಳು. ನನಗಿಂತ ಒಂದೇ ವರ್ಷ ದೊಡ್ಡವನು!

ಅವನನ್ನು ಟರ್ಕಿ ದೇಶದ ಗಲಿಪೊಲಿಗೆ ಕಳಿಸಿದರು. ದಾರಿಯಲ್ಲೇ ಶತ್ರುಗಳು ಹಡಗಿಗೆ ಟಾರ್ಪಿಡೊ ಹೊಡೆದರು. ನಾಲ್ಕು ಗಂಟೆ ಸಮುದ್ರದ ನೀರಿನಲ್ಲಿದ್ದು ಬದುಕಿ ಉಳಿದ. ಗಲಿಪೊಲಿಯಲ್ಲಿ ಕಂದಕವೇ ಮನೆ. ಕುಡಿಯುವ ನೀರಿಗೆ ಬರ, ಊಟದ ಮೇಲೆಲ್ಲ ನೊಣ. ಮನೆಯಿಂದ ಒಂದು ಕಾಗದವೂ ಬಂದಿಲ್ಲ ಎಂದು ಬರೆದ ಹುಡುಗ, ನನ್ನ ಚಿಂತೆ ಮಾಡಬೇಡಿ, ಚೆನ್ನಾಗಿದ್ದೇನೆ ಎಂದೂ ಬರೆದ. ಕೊನೆಗೆ ವಿಷಮಶೀತ ಜ್ವರ ಬಂತು. 1915ರ ಅಕ್ಟೋಬರ್ 25ರಂದು ಆಸ್ಪತ್ರೆ ಹಡಗಿನಲ್ಲಿ ತೀರಿಕೊಂಡ. ದೇಹವನ್ನು ಸಮುದ್ರಕ್ಕೆ ಬಿಟ್ಟರು. ಸಮಾಧಿ ಇಲ್ಲ. ಲೋನ್ ಪೈನ್ ಸ್ಮಾರಕದ ಮೇಲೆ ಹೆಸರು ಮಾತ್ರ ಇದೆ.

ಜಿಮ್ ಧೈರ್ಯವಂತ, ಒಪ್ಪುತ್ತೇನೆ. ಸುಳ್ಳು ಹೇಳಿದ್ದು ತಪ್ಪು, ಅದನ್ನೂ ಒಪ್ಪುತ್ತೇನೆ. ಆದರೆ ದೊಡ್ಡ ತಪ್ಪು ದೊಡ್ಡವರದೇ. ಸೈನ್ಯಕ್ಕೆ ಸೇರಿಸಿಕೊಂಡವರು ವಯಸ್ಸಿನ ದಾಖಲೆ ಕೇಳಿದ್ದರೆ ಸಾಕಿತ್ತು. ಅವರಿಗೆ ಜನ ಬೇಕಾಗಿತ್ತು, ಅದಕ್ಕೇ ಬಾಯಿಮಾತು ನಂಬಿದರು. ಮಕ್ಕಳು ಹಠ ಮಾಡೋದು ಸಹಜ. ಹಠ ಮಾಡಿತು ಅಂತ ಮಗುವಿನ ಕೈಗೆ ಯಾರಾದರೂ ಕುಡುಗೋಲು ಕೊಡ್ತಾರಾ? ಇವರು ಬಂದೂಕನ್ನೇ ಕೊಟ್ಟರಲ್ಲ!

ದೇಶಕ್ಕಾಗಿ ಹೋದ ಅಂತ ಕೆಲವರು ಹೇಳಬಹುದು. ಹೊಲದಲ್ಲಿ ದುಡಿಯುವುದೂ ದೇಶದ ಕೆಲಸ ಅಲ್ಲವೇ? ಆಗ ಆಸ್ಟ್ರೇಲಿಯಾದ ಜನಸಂಖ್ಯೆ 50 ಲಕ್ಷವೂ ಇರಲಿಲ್ಲ. ಆ ಯುದ್ಧದಲ್ಲಿ ಅವರ 60 ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತರು.

18 ವರ್ಷದೊಳಗಿನವರು ಯುದ್ಧದಲ್ಲಿ ನೇರವಾಗಿ ಹೋರಾಡಬಾರದು ಎಂಬ ಒಪ್ಪಂದವನ್ನು ವಿಶ್ವಸಂಸ್ಥೆ 2000ದಲ್ಲಿ ಮಾಡಿತು. ಒಳ್ಳೆಯದೇ. ಆದರೆ ಕಾಗದದಲ್ಲಿದ್ದರೆ ಸಾಲದು. ಮಕ್ಕಳು ಸುಳ್ಳು ಹೇಳಿದರೂ ದೊಡ್ಡವರು ಮುಖ ನೋಡಿ, ವಯಸ್ಸು ಕೇಳಿ, ಮನೆಗೆ ವಾಪಸ್ ಕಳಿಸಬೇಕು. ಇದು ನನ್ನ ಅಭಿಪ್ರಾಯ. ನಿಮ್ಮದೇನು? ಬರೆದು ಮುಂದಿನ ಸಂಚಿಕೆಗೆ ಕೊಡಿ.

– 7ನೇ ತರಗತಿ