ನೀರಿಗೆ ಬಿಲ್ ಕಟ್ಟುತ್ತೇವೆ, ಮರ ಕಾಯುವವರಿಗೆ ಏನು ಕೊಟ್ಟಿದ್ದೇವೆ?

ಬೆಂಗಳೂರಿನ ಬಂಧುಗಳೇ,

ಸುಮಾರು 100 ಕಿ.ಮೀ. ದೂರದಿಂದ ಕಾವೇರಿ ನೀರು ನಮ್ಮ ನಲ್ಲಿಗೆ ಬರುತ್ತದೆ. ಪಂಪಿಗೆ, ಪೈಪಿಗೆ, ಕರೆಂಟಿಗೆ ನಾವು ಹಣ ಕೊಡುತ್ತೇವೆ. ಆದರೆ ಕಾವೇರಿ ಹುಟ್ಟುವ ಕೊಡಗಿನಲ್ಲಿ ಕಾಫಿ ತೋಟದ ನೆರಳಿನ ಮರಗಳು ಮಳೆಯ ಹೊಡೆತ ತಡೆದು, ತರಗೆಲೆ ಹೊದ್ದ ಮಣ್ಣಿಗೆ ನೀರಿಳಿಸುತ್ತವೆ. ಗದ್ದೆಗಳು ಮಳೆನೀರನ್ನು ನಿಲ್ಲಿಸಿ ಇಂಗಿಸುತ್ತವೆ. ಆ ಮರ, ಆ ಗದ್ದೆ ಕಾಯುವವರಿಗೆ ನಮ್ಮ ಬಿಲ್ಲಿನಿಂದ ಬಿಡಿಗಾಸೂ ಹೋಗುವುದಿಲ್ಲ.

ಕಷ್ಟವೆಲ್ಲ ಬೆಳೆಗಾರರದು. ಹಲಸು, ಅತ್ತಿ, ನಂದಿ ಮರ ಉಳಿಸಿಕೊಂಡರೆ ಕೊಂಬೆ ಸವರುವ ಮರಗಸಿಗೆ ಆಳು ಬೇಕು. ಹಲಸಿನ ಹಣ್ಣಿಗೆ ಆನೆ ಬರುತ್ತದೆ. ಅವುಗಳ ಬದಲು ಸಿಲ್ವರ್ ಓಕ್ ನೆಟ್ಟರೆ ಬೇಗ ಬೆಳೆಯುತ್ತದೆ, ಮಾರುವುದೂ ಸುಲಭ. ಭತ್ತ ಗಿಟ್ಟದೆ ಗದ್ದೆಗಳು ಪಾಳು ಬೀಳುತ್ತಿವೆ. ಮರ ಕಡಿದವರನ್ನು ದೂರುವ ಮೊದಲು, ಉಳಿಸಿದವರ ಕೈಹಿಡಿಯೋಣ.

ಅವರಿಗೆ ಹಣ ಕೊಡುವುದು ಆಗದ ಮಾತಲ್ಲ. ಕೋಸ್ಟರಿಕಾ 1997ರಿಂದ ಕಾಡು ಉಳಿಸುವ ಭೂಮಾಲೀಕರಿಗೆ ಇಂಧನ ತೆರಿಗೆಯ ಹಣ ಕೊಡುತ್ತಿದೆ. ನ್ಯೂಯಾರ್ಕ್ ನಗರ ದುಬಾರಿ ಶೋಧಕ ಘಟಕ ಕಟ್ಟುವ ಬದಲು, ಕ್ಯಾಟ್ಸ್‌ಕಿಲ್ ಬೆಟ್ಟದ ರೈತರಿಗೆ ನೆರವಾಗಿ ತನ್ನ ನೀರನ್ನು ಶುದ್ಧವಾಗಿ ಉಳಿಸಿಕೊಂಡಿತು.

ನಮ್ಮಲ್ಲೂ 2024ರ ನವೆಂಬರ್‌ನಲ್ಲಿ, ಪಶ್ಚಿಮ ಘಟ್ಟದ ನೀರು ಬಳಸುವ ಊರುಗಳ ನೀರಿನ ಬಿಲ್ಲಿಗೆ ತಿಂಗಳಿಗೆ 2-3 ರೂ. ಹಸಿರು ಸೆಸ್ ಸೇರಿಸುವ ಪ್ರಸ್ತಾವ ಸಲ್ಲಿಸಲು ಅರಣ್ಯ ಸಚಿವ ಈಶ್ವರ ಖಂಡ್ರೆ ಸೂಚಿಸಿದ್ದರು. ಆ ನಿಧಿಯಿಂದ, ಮಾರಲು ಒಪ್ಪುವ ರೈತರ ಜಮೀನು ಕೊಳ್ಳುವ ಮಾತೂ ಇತ್ತು. ಜಮೀನು ಬಿಟ್ಟು ಹೋಗುವವರಿಗೆ ಹಣ ಸಿಗುವುದಾದರೆ, ಅಲ್ಲೇ ಉಳಿದು ಮರ ಕಾಯುವವರಿಗೂ ಸಿಗಲೇಬೇಕು.

ನಮ್ಮ ಹಕ್ಕೊತ್ತಾಯ:

1. ನೀರಿನ ಬಿಲ್ಲಿನ ಒಂದು ಪಾಲು ಕಾವೇರಿ ಕೊಳ್ಳದ ರೈತರಿಗೆಂದೇ ಪ್ರತ್ಯೇಕ ನಿಧಿಗೆ ಹೋಗಲಿ.

2. ಕಾಡುಮರ ಉಳಿಸಿದ ತೋಟಕ್ಕೆ, ನಾಟಿ ಮಾಡಿದ ಗದ್ದೆಗೆ ಎಕರೆ ಲೆಕ್ಕದಲ್ಲಿ ವರ್ಷವರ್ಷವೂ ಹಣ ಸಿಗಲಿ. ಸಣ್ಣ ಬೆಳೆಗಾರರಿಗೆ ಮೊದಲ ಆದ್ಯತೆ ಇರಲಿ.

3. ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬೀಳಲಿ. ಯಾರಿಗೆ ಎಷ್ಟು ಎಂಬುದನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ. ಮರ ಕಡಿದರೆ ಹಣ ನಿಲ್ಲಲಿ.

ಈ ತಿಂಗಳ ನೀರಿನ ಬಿಲ್ ಕಟ್ಟುವ ದಿನವೇ ನಿಮ್ಮ ಶಾಸಕರಿಗೊಂದು ಪತ್ರ ಬರೆಯಿರಿ. ನಿಮ್ಮ ಬಡಾವಣೆಯ, ಅಪಾರ್ಟ್‌ಮೆಂಟಿನ ಸಂಘದಲ್ಲಿ ನಿರ್ಣಯ ಮಾಡಿ ಜಲಮಂಡಳಿಗೆ ಕಳಿಸಿ. ಓದಿದ ಮೇಲೆ ಈ ಕರಪತ್ರವನ್ನು ಪಕ್ಕದ ಮನೆಗೆ ಕೊಡಿ.

ಮರ ಕಾಯುವವರಿಗೆ ಕೂಲಿ ಕೊಡಿ! ಕಾವೇರಿ ಉಳಿಸಿ!

— ಕಾವೇರಿ ನೀರು ಕುಡಿಯುವ ಬೆಂಗಳೂರಿನ ನಾಗರಿಕರು